ಕಣ್ಣು ಅಡವಿಟ್ಟು ಕೊಂಡ ಕ್ಯಾಮೆರಾ

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಚಪ್ಪರದಲ್ಲಿ ತೆಗೆದ ಫೋಟೊವನ್ನು ಕಳೆದ ವರ್ಷ ಒಬ್ಬ ಹುಡುಗ ನಮ್ಮ ಮುಂದೆ ಗೋಡೆಯ ಮೇಲೆ ತೋರಿಸಿದ. ಕೋಣೆಯಲ್ಲಿ ಇಪ್ಪತ್ತು ಮಂದಿ ಇದ್ದೆವು, ಎಲ್ಲರೂ ಛಾಯಾಗ್ರಹಣದ ಹುಚ್ಚಿನವರು. ಫೋಟೊದಲ್ಲಿ ರಾತ್ರಿ. ಒಂದೇ ಒಂದು ಬಲ್ಬಿನ ಕೆಳಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದ ಹೆಂಗಸು. ಚೊಗರು ಹಿಡಿದು ಕಪ್ಪಾದ ಬೆರಳುಗಳು. ಬೆನ್ನಿಗೆ ಆತುಕೊಂಡು ನಿದ್ದೆಹೋದ ಮಗು. ಮಗು ಎಚ್ಚರಗೊಳ್ಳಬಾರದೆಂದು ಅವಳು ಬೆನ್ನನ್ನು ಅಲುಗಿಸದೆ, ಕೈಗಳನ್ನಷ್ಟೇ ಆಡಿಸುತ್ತಿದ್ದಾಳೆಂಬುದು ನೋಡಿದೊಡನೆ ತಿಳಿಯುತ್ತಿತ್ತು. ಅರೆಗಳಿಗೆ ಕೋಣೆಯಲ್ಲಿ ಮಾತಿರಲಿಲ್ಲ. ಆಮೇಲೆ ಮೊದಲ ಪ್ರಶ್ನೆ ಬಂತು: "ಯಾವ ಕ್ಯಾಮೆರಾನಪ್ಪ?" ಎರಡನೆಯದು: "ಲೆನ್ಸ್?" ಮೂರನೆಯವರು ಪ್ರಶ್ನೆಯನ್ನೂ ಕೇಳಲಿಲ್ಲ, ತೀರ್ಪು ಕೊಟ್ಟರು: "ನಾಯ್ಸ್ ಜಾಸ್ತಿ ಇದೆ. ಫುಲ್ ಫ್ರೇಮ್‌ಗೆ ಹೋಗು." ಆ ಹೆಂಗಸು ಯಾರು, ಡಬ್ಬಕ್ಕೆ ಎಷ್ಟು ಕೂಲಿ, ಎಷ್ಟು ಹೊತ್ತಿನವರೆಗೆ ಹಾಗೆ ಕೂರುತ್ತಾಳೆ, ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಹುಡುಗ ತಲೆತಗ್ಗಿಸಿ ತನ್ನ ಹಳೆಯ ಕ್ಯಾಮೆರಾದ ಹೆಸರು ಹೇಳಿದ. ಕಳ್ಳಮಾಲು ಸಿಕ್ಕಿಬಿದ್ದವನ ದನಿಯಲ್ಲಿ ಹೇಳಿದ.

ಆ ದನಿಯನ್ನು ಅವನಿಗೆ ಕಲಿಸಿದವರು ನಾವು. ಅಪರಾಧದ ಲೆಕ್ಕ ಅಲ್ಲಿಂದಲೇ ಶುರುವಾಗಬೇಕು. ಕತ್ತಲ ಚಪ್ಪರದಲ್ಲಿ ಒಬ್ಬ ತಾಯಿಯ ಬೆನ್ನಿನ ಬಿಗಿತವನ್ನು ಕಂಡ ಕಣ್ಣಿಗೆ ನಾವು ಒಂದು ಮೆಚ್ಚುಗೆಯ ಮಾತನ್ನೂ ಕೊಡದೆ, ಅಂಗಡಿಯ ಬೆಲೆಪಟ್ಟಿಯನ್ನು ಕೈಗಿಟ್ಟು ಕಳಿಸಿದೆವು. ಅವನು ಈಗ ಏನು ಮಾಡುತ್ತಾನೆಂದು ನಮಗೆ ಚೆನ್ನಾಗಿ ಗೊತ್ತು. ಅಪ್ಪನನ್ನು ಕಾಡುತ್ತಾನೆ, ಇಎಂಐ ಹಾಕಿಸುತ್ತಾನೆ, ಎರಡು ಲಕ್ಷದ ಬಾಡಿ ಕೊಳ್ಳುತ್ತಾನೆ. ಆ ಸಾಲದ ಕಂತು ಕಟ್ಟಲು ಮದುವೆಗಳಿಗೆ ಓಡಾಡುತ್ತಾನೆ. ಅಡಿಕೆ ಚಪ್ಪರಕ್ಕೆ ಮತ್ತೆ ಹೋಗುವುದಿಲ್ಲ.

ನಮ್ಮ ನಾಡಿನಲ್ಲಿ ಈ ಕಲೆ ಹೇಗಿತ್ತೆಂಬುದನ್ನು ಮರೆತಿದ್ದೇವೆಂದು ಹೇಳಿದರೆ ಅದು ನಮಗೆ ನಾವೇ ಕೊಟ್ಟುಕೊಳ್ಳುವ ರಿಯಾಯಿತಿಯಾದೀತು. ಮರೆತಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಹೆಸರನ್ನು ಭಾಷಣಗಳಲ್ಲಿ ಹೇಳುತ್ತೇವೆ, ಗೋಷ್ಠಿಗಳಲ್ಲಿ ಅವರ ಚಿತ್ರಕ್ಕೆ ಹೂವಿಡುತ್ತೇವೆ. 1923ರಲ್ಲಿ ಹುಟ್ಟಿದ ಆ ಮನುಷ್ಯ ಜೀವನದುದ್ದಕ್ಕೂ ತೆಗೆದದ್ದು ಯಾರ ಚಿತ್ರಗಳನ್ನು? ರಾಜರ, ಮಂತ್ರಿಗಳ ಚಿತ್ರಗಳನ್ನೂ ತೆಗೆದರು, ಅದು ಕಸುಬಿನ ಪಾಲು. ಆದರೆ ಅವರ ಹೆಸರು ಉಳಿದಿರುವುದು ಶಾಲೆಯ ಜಗಲಿಯ ಮಕ್ಕಳಿಂದ, ಸಂತೆಯ ಹೆಂಗಸರಿಂದ, ಬೀದಿಯ ಸಾಮಾನ್ಯರಿಂದ. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಕೆಲಸದ ಬೆನ್ನುಹತ್ತಿ, ಮೈತುಂಬ ಗುಳ್ಳೆಯೆದ್ದ ಮಕ್ಕಳ ಗುಡಿಸಲುಗಳಿಗೆ ಅವರು ಹೋದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳನ್ನು ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶಿಸಿತು. ಅವರ ಚಿತ್ರಗಳ ಮುಂದೆ ನಿಂತಾಗ ಯಾವ ಲೆನ್ಸ್ ಎಂಬ ಪ್ರಶ್ನೆ ನಾಲಗೆಗೆ ಬರುವುದೇ ಇಲ್ಲ. ಚಿತ್ರದ ಮಗು ನಮ್ಮನ್ನು ನೋಡುತ್ತಿರುತ್ತದೆ, ಉತ್ತರ ಕೊಡಬೇಕಾದವರು ನಾವಾಗಿರುತ್ತೇವೆ.

ಹೋಮಾಯ್ ವ್ಯಾರಾವಾಲಾ ಅವರನ್ನೂ ನೆನೆಯುತ್ತೇವೆ. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿಸುತ್ತೇವೆ. ಸೀರೆಯುಟ್ಟು, ಸೈಕಲ್ ತುಳಿದು, ಭಾರದ ಸ್ಪೀಡ್ ಗ್ರಾಫಿಕ್ ಕ್ಯಾಮೆರಾ ಹೊತ್ತು ದೆಹಲಿಯ ಇತಿಹಾಸವನ್ನು ಅವರು ಹಿಡಿದಿಟ್ಟರು. 1970ರಲ್ಲಿ ಕ್ಯಾಮೆರಾ ಕೆಳಗಿಟ್ಟರು. ಹೊಸ ಪೀಳಿಗೆಯ ಛಾಯಾಗ್ರಾಹಕರ ನಡತೆ, ಅವರ ನೂಕುನುಗ್ಗಲು, ಸಭ್ಯತೆಯಿಲ್ಲದ ಆತುರ ಅವರಿಗೆ ಅಸಹ್ಯವಾಗಿತ್ತು. 2012ರಲ್ಲಿ ತೀರಿಕೊಳ್ಳುವವರೆಗೂ, ನಲವತ್ತು ವರ್ಷ ಮೀರಿ, ಮತ್ತೆ ಆ ಕಸುಬಿಗೆ ಮರಳಲಿಲ್ಲ. 1970ರ ನೂಕುನುಗ್ಗಲನ್ನೇ ಸಹಿಸದ ಆಕೆ ಇಂದು ಕಬಿನಿಯ ಸಫಾರಿ ದಾರಿಯಲ್ಲಿ ಒಂದು ಬೆಳಗು ನಿಂತಿದ್ದರೆ ಏನನ್ನುತ್ತಿದ್ದರೆಂದು ಯೋಚಿಸುವ ಧೈರ್ಯ ನಮ್ಮಲ್ಲಿ ಯಾರಿಗಿದೆ?

ಆ ಕಾಲದಲ್ಲಿ ಫಿಲ್ಮು ದುಡ್ಡಿನ ಮಾತಾಗಿತ್ತು. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಎಂಬ ಪೆಟ್ಟಿಗೆಯಲ್ಲಿ ಮಧ್ಯಮ ವರ್ಗದ ಮನೆಗಳು ವರ್ಷದ ಹಬ್ಬ, ನಾಮಕರಣ, ಪ್ರವಾಸಗಳನ್ನು ಹಿಡಿದವು. ಒಂದು ರೋಲಿಗೆ ಹನ್ನೆರಡೇ ಫ್ರೇಮು. ಮೂವತ್ತೈದು ಮಿಲಿಮೀಟರ್ ಕ್ಯಾಮೆರಾ ಇದ್ದವರಿಗೆ ಮೂವತ್ತಾರು. ಗುಂಡಿ ಒತ್ತುವ ಮೊದಲು ಮನುಷ್ಯ ನಿಲ್ಲುತ್ತಿದ್ದ, ನೋಡುತ್ತಿದ್ದ, ಬೇಡವೆಂದು ತೋರಿದರೆ ಕ್ಯಾಮೆರಾ ಕೆಳಗಿಳಿಸುತ್ತಿದ್ದ. ಮೀಟರ್ ಇಲ್ಲದವರು ಬೆಳಕನ್ನು ಕಣ್ಣಿನಲ್ಲೇ ಅಳೆಯುತ್ತಿದ್ದರು. ನೂರು ಎಎಸ್‌ಎ ಫಿಲ್ಮಿಗೆ ನಿಚ್ಚಳ ಬಿಸಿಲಾದರೆ ಅಪರ್ಚರ್ 16, ಶಟರ್ ಸೆಕೆಂಡಿನ 125ರಲ್ಲಿ ಒಂದು ಭಾಗ. ತೆಳುಮೋಡವಾದರೆ 11, ಮೋಡ ಕವಿದರೆ 8, ಇನ್ನೂ ದಟ್ಟವಾದರೆ 5.6. ಈ ಲೆಕ್ಕ ಸ್ಟುಡಿಯೊ ಹುಡುಗನ ನಾಲಗೆಯ ತುದಿಯಲ್ಲಿರುತ್ತಿತ್ತು, ಮಗ್ಗಿಯ ಹಾಗೆ. ಲೆಕ್ಕಕ್ಕಿಂತ ದೊಡ್ಡದು ಅದರಿಂದ ಬರುತ್ತಿದ್ದ ಅಭ್ಯಾಸ. ಮೋಡ ಬಂತು, ಮೋಡ ಸರಿಯಿತು ಎಂಬುದನ್ನು ಅವನ ಮೈ ತಾನಾಗಿ ಗಮನಿಸುತ್ತಿತ್ತು. ಹಳೆಯ ಸ್ಟುಡಿಯೊ ಕಟ್ಟುವಾಗ ಉತ್ತರ ದಿಕ್ಕಿಗೆ ಗಾಜು ಹಾಕುತ್ತಿದ್ದರು, ಆ ಕಡೆಯಿಂದ ಬರುವ ಬೆಳಕು ದಿನವಿಡೀ ಮೆತ್ತಗಿರುತ್ತದೆಂದು. ಇವತ್ತು ಕಣ್ಣಿನ ರೆಪ್ಪೆಯನ್ನು ಗುರುತಿಸಿ ಫೋಕಸ್ ಮಾಡುವ ಕ್ಯಾಮೆರಾ ಹಿಡಿದವನನ್ನು, ನಿನ್ನ ಮನೆಯ ಯಾವ ಕಿಟಕಿಯಿಂದ ಬೆಳಗ್ಗೆ ಹತ್ತು ಗಂಟೆಗೆ ಒಳ್ಳೆಯ ಬೆಳಕು ಬರುತ್ತದೆ ಎಂದು ಕೇಳಿ. ಅವನಲ್ಲಿ ಉತ್ತರವಿಲ್ಲ. ಆ ಮನೆಯಲ್ಲೇ ಹುಟ್ಟಿ ಬೆಳೆದಿದ್ದಾನೆ.

ಈಗ ನಮ್ಮ ಕೈಯಲ್ಲಿರುವ ಯಂತ್ರ ಸೆಕೆಂಡಿಗೆ ಇಪ್ಪತ್ತು ಫೋಟೊ ತೆಗೆಯುತ್ತದೆ. ಒಂದು ಇಡೀ ರೋಲಿನ ಮೂವತ್ತಾರು ಫ್ರೇಮು ಎರಡು ಸೆಕೆಂಡು ತುಂಬುವ ಮೊದಲೇ ಮುಗಿಯುತ್ತದೆ. ಸಂಜೆ ಮನೆಗೆ ಬಂದು ನಾಲ್ಕು ಸಾವಿರ ಚಿತ್ರಗಳನ್ನು ಕಂಪ್ಯೂಟರಿಗೆ ಸುರಿಯುತ್ತೇವೆ. ಸ್ಥಳದಲ್ಲಿ ನೋಡದೆ ಬಿಟ್ಟದ್ದನ್ನು ಮನೆಯಲ್ಲಿ ಹುಡುಕುತ್ತೇವೆ. ಸಿಗುವುದಾದರೂ ಹೇಗೆ? ಹಾಗೆ ಹುಡುಕಿ ಆರಿಸಿದ ಒಂದನ್ನು ಎಲ್ಲಿ ತೋರಿಸುತ್ತೇವೆ? ಅಂಗೈಯಗಲದ ಫೋನಿನಲ್ಲಿ. ನಾಲ್ಕೂವರೆ ಕೋಟಿ ಪಿಕ್ಸೆಲ್ಲಿನ ಕ್ಯಾಮೆರಾಕ್ಕೆ ಸಾಲ ಮಾಡಿ, ಇನ್‌ಸ್ಟಾಗ್ರಾಂಗೆ 1080ಕ್ಕೆ 1350ರ ಅಳತೆಯಲ್ಲಿ ಹಾಕುತ್ತೇವೆ. ಗುಣಿಸಿ ನೋಡಿದರೆ ಹದಿನೈದು ಲಕ್ಷವೂ ಆಗದು. ಕೊಂಡದ್ದರ ಮೂವತ್ತರಲ್ಲಿ ಒಂದು ಪಾಲು. ಉಳಿದ ಇಪ್ಪತ್ತೊಂಬತ್ತು ಪಾಲನ್ನು ಯಾವ ಕಣ್ಣೂ ನೋಡುವುದಿಲ್ಲ, ತೆಗೆದವನ ಕಣ್ಣು ಕೂಡ. ಗೋಡೆಗೆ ದೊಡ್ಡದಾಗಿ ಪ್ರಿಂಟ್ ಹಾಕಿಸುವವರಿಗೆ ಆ ಪಿಕ್ಸೆಲ್ ಬೇಕು, ನಿಜ. ನಮ್ಮಲ್ಲಿ ಎಷ್ಟು ಮಂದಿ ಕಳೆದ ಐದು ವರ್ಷದಲ್ಲಿ ಒಂದೇ ಒಂದು ಫೋಟೊವನ್ನು ಕಾಗದದ ಮೇಲೆ ಹಾಕಿಸಿದ್ದೇವೆ? ಈ ಗಣಿತ ಯಾರಿಗೂ ಕಷ್ಟದ್ದಲ್ಲ. ಆದರೂ ಮುಂದಿನ ಮಾಡೆಲ್ ಯಾವ ತಿಂಗಳು ಬರುತ್ತದೆಂದು ಕಾಯುತ್ತೇವೆ, ಬಂದ ದಿನ ಇರುವುದನ್ನು ಅರ್ಧ ಬೆಲೆಗೆ ಮಾರುತ್ತೇವೆ.

ಕಾರಣ ಸ್ಪಷ್ಟವಾಗಿದೆ. ಕೊಳ್ಳುವುದು ಸುಲಭ, ನೋಡುವುದು ಕಷ್ಟ. ನೋಡಬೇಕಾದರೆ ಎದುರಿಗಿರುವ ಮನುಷ್ಯನಿಗೆ ಹೊತ್ತು ಕೊಡಬೇಕು, ಅವನ ಜೊತೆ ಚಹಾ ಕುಡಿಯಬೇಕು, ಬರಿಗೈಯಲ್ಲಿ ಹಿಂದಿರುಗಬೇಕು, ಮರುದಿನ ಮತ್ತೆ ಹೋಗಬೇಕು. ತನ್ನಲ್ಲಿ ಹೇಳುವುದಕ್ಕೆ ಏನೂ ಇಲ್ಲವೆಂಬ ಸತ್ಯ ಹೊರಬೀಳುವ ಅಪಾಯವೂ ಅಲ್ಲಿದೆ. ಅಂಗಡಿಯಲ್ಲಿ ಆ ಅಪಾಯವಿಲ್ಲ. ಹಣ ಕೊಟ್ಟವನಿಗೆ ಪೆಟ್ಟಿಗೆ ಸಿಗುತ್ತದೆ, ಪೆಟ್ಟಿಗೆ ತೆರೆಯುವಾಗ ತಾನು ಕಲಾವಿದನಾದೆನೆಂಬ ಭಾವ ಉಚಿತವಾಗಿ ಸಿಗುತ್ತದೆ. 1888ರಲ್ಲಿ ಕೊಡಕ್ ಕಂಪನಿ ತನ್ನ ಮೊದಲ ಕ್ಯಾಮೆರಾ ಮಾರುವಾಗಲೇ ಗುಂಡಿ ಒತ್ತುವುದಷ್ಟೇ ಗಿರಾಕಿಯ ಕೆಲಸ, ಉಳಿದದ್ದು ತನ್ನ ಹೊಣೆ ಎಂದು ಜಾಹೀರಾತು ಕೊಟ್ಟಿತ್ತು. ತೊಳೆದು, ಪ್ರಿಂಟ್ ಹಾಕಿ ಕೊಡುವ ಹೊಣೆಯ ಮಾತದು. ನಾವು ಕಾಣುವ ಹೊಣೆಯನ್ನೂ ಸೇರಿಸಿ ಕಂಪನಿಗಳಿಗೆ ಒಪ್ಪಿಸಿಬಿಟ್ಟೆವು. ಚಿತ್ರ ಸೋತರೆ ಲೆನ್ಸಿನ ಮೇಲೆ ಹಾಕುತ್ತೇವೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂದು ನಮ್ಮ ಅಜ್ಜಿಯರು ಆಡಿಕೊಂಡದ್ದನ್ನು ಕೇಳಿ ಬೆಳೆದವರೇ ಈಗ ಪ್ರತಿವರ್ಷ ಹೊಸ ನೆಲ ಹಾಸಿಸುತ್ತಿದ್ದೇವೆ.

ಉಪಕರಣ ಬೇಡವೆಂದು ಹೇಳುವಷ್ಟು ಅಜ್ಞಾನ ನನಗಿಲ್ಲ. ಸಂಜೆಗತ್ತಲಲ್ಲಿ ಮರದ ತುದಿಯ ಗೂಬೆಯನ್ನು ಹಿಡಿಯಲು ಉದ್ದದ ಲೆನ್ಸು ಬೇಕೇ ಬೇಕು. ಟಿ.ಎನ್.ಎ. ಪೆರುಮಾಳ್ ಅವರು ಬೆಂಗಳೂರಿನಲ್ಲಿ ಕುಳಿತು ವನ್ಯಜೀವಿ ಛಾಯಾಗ್ರಹಣದಲ್ಲಿ ಒಂದು ಪೀಳಿಗೆಯನ್ನೇ ತಿದ್ದಿದರು. ಫ್ಲ್ಯಾಶ್, ಶಟರ್, ಫಿಲ್ಮುಗಳ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಿನವರು ವಿರಳ. ಆದರೆ ಅವರ ಪಾಲಿಗೆ ಉಪಕರಣದ ಸಿದ್ಧತೆಯೆಂದರೆ ಹಕ್ಕಿಯ ದಿನಚರಿ ತಿಳಿದ ಮೇಲಿನ ಮಾತು. ಕೃಪಾಕರ–ಸೇನಾನಿ ಬಂಡೀಪುರದ ಕಾಡುನಾಯಿಗಳ ಬೆನ್ನು ಹತ್ತಿದ್ದು ವರ್ಷಗಟ್ಟಲೆ. ಒಂದೊಂದು ನಾಯಿಯ ಗುರುತು, ಗುಂಪಿನೊಳಗಿನ ಅದರ ಸ್ಥಾನ ಅವರಿಗೆ ಗೊತ್ತಿತ್ತು. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ತೋಟದ ಸುತ್ತಲಿನ ಹಕ್ಕಿಗಳನ್ನು ತೆಗೆದರು. ಅದರ ಫಲವಾಗಿ 'ಹಕ್ಕಿ ಪುಕ್ಕ'ದಂಥ ಪುಸ್ತಕಗಳು ಬಂದು, ಹಳ್ಳಿಯ ಶಾಲೆಯ ಹುಡುಗರು ಹಕ್ಕಿಗಳ ಹೆಸರನ್ನು ಕನ್ನಡದಲ್ಲಿ ಕಲಿತರು. ತೇಜಸ್ವಿಯವರಿಗೂ ಯಂತ್ರಗಳ ಮೇಲೆ ಪ್ರೀತಿಯಿತ್ತು, ಸ್ಕೂಟರಿನಿಂದ ಕಂಪ್ಯೂಟರಿನವರೆಗೆ. ಆ ಪ್ರೀತಿ ಹಕ್ಕಿಯ ಮೇಲಿನ ಕುತೂಹಲದ ಹಿಂದೆ ನಡೆಯುತ್ತಿತ್ತು, ಎಂದೂ ಮುಂದೆ ಬಂದು ನಿಲ್ಲಲಿಲ್ಲ. ಅವರ ಹೆಸರು ಹೇಳಿಕೊಂಡು ಇಂದು ಕಾಡಿಗೆ ನುಗ್ಗುವವರಲ್ಲಿ ಎಷ್ಟು ಜನಕ್ಕೆ ತಾವು ತೆಗೆದ ಹಕ್ಕಿಯ ಕನ್ನಡದ ಹೆಸರು ಗೊತ್ತು?

ಕಾಡಿನಲ್ಲಿ ನಾವು ಮಾಡುತ್ತಿರುವುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕಬಿನಿಯಲ್ಲಿ ಕರಿಚಿರತೆ ಕಾಣಿಸಿತೆಂಬ ಸುದ್ದಿ ಬಂದರೆ ಸಾಕು, ಜೀಪುಗಳು ಒಂದರ ಹಿಂದೊಂದು ಸಾಲುಗಟ್ಟುತ್ತವೆ. ಒಂದೊಂದು ಜೀಪಿನ ಕಂಬಿಯ ಮೇಲೆ ಹತ್ತು ಲಕ್ಷ ದಾಟುವ ಲೆನ್ಸುಗಳು ಒರಗಿಕೊಂಡಿರುತ್ತವೆ. ಚಿರತೆ ಮರದಿಂದ ಇಳಿಯುವ ಮೊದಲೇ ಶಟರುಗಳ ಸದ್ದು ಶುರುವಾಗುತ್ತದೆ, ಇಳಿದು ಪೊದೆಗೆ ಸೇರಿದ ಮರುಕ್ಷಣ ಎಲ್ಲರ ತಲೆಯೂ ಸ್ಕ್ರೀನಿನ ಕಡೆ ಬಾಗುತ್ತದೆ. ಆ ಪ್ರಾಣಿ ಕಣ್ಣೆದುರಿಗಿದ್ದ ಮೂರು ನಿಮಿಷದಲ್ಲಿ ಬರಿಗಣ್ಣಿನಿಂದ ಅದನ್ನು ನೋಡಿದವನು ಡ್ರೈವರ್ ಒಬ್ಬನೇ. ಸಂಜೆ ಹೊತ್ತಿಗೆ ಒಂದೇ ಮರ, ಒಂದೇ ಕೊಂಬೆ, ಒಂದೇ ಭಂಗಿಯ ಐವತ್ತು ಚಿತ್ರಗಳು ಐವತ್ತು ಹೆಸರಿನಲ್ಲಿ ಹೊರಬರುತ್ತವೆ. ಯಾವುದು ಯಾರದೆಂದು ಹೆತ್ತವರಿಗೂ ಗುರುತು ಹತ್ತದು.

ಇದು ಬರೀ ಕಲೆಯ ಬಡತನವಾಗಿದ್ದರೆ ಇಷ್ಟು ಕಟುವಾಗಿ ಬರೆಯುತ್ತಿರಲಿಲ್ಲ. ಜೀವಗಳು ಇದರ ಬೆಲೆ ತೆರುತ್ತಿವೆ. ಗೂಡಿನಲ್ಲಿರುವ ಮರಿಗಳು ಚಿತ್ರದಲ್ಲಿ ಚೊಕ್ಕಟವಾಗಿ ಕಾಣಲೆಂದು ಸುತ್ತಲಿನ ಎಲೆ ಕೀಳುತ್ತೇವೆ, ಅಡ್ಡಬಂದ ರೆಂಬೆ ಕತ್ತರಿಸುತ್ತೇವೆ. ತಾಯಿಹಕ್ಕಿ ಆ ಎಲೆಗಳ ಮರೆಯನ್ನು ನಂಬಿಯೇ ಅಲ್ಲಿ ಗೂಡು ಕಟ್ಟಿರುತ್ತದೆ. ಮರೆ ಹೋದ ಮೇಲೆ ಬಿಸಿಲೂ ಒಳಗೆ ಬರುತ್ತದೆ, ಕಾಗೆಯೂ ಬರುತ್ತದೆ. ನಾವು ಆಗ ಮನೆಯಲ್ಲಿ ಕುಳಿತು ಹಿನ್ನೆಲೆ ಎಷ್ಟು ಮೆತ್ತಗೆ ಮಸುಕಾಗಿದೆಯೆಂದು ಹಿಗ್ಗುತ್ತಿರುತ್ತೇವೆ. ಮಳೆಗಾಲದಲ್ಲಿ ಪಶ್ಚಿಮಘಟ್ಟಕ್ಕೆ ಹೋಗಿ ಕಪ್ಪೆಯನ್ನು ಹಿಡಿದು ಬೇಕಾದ ಎಲೆಯ ಮೇಲೆ ಕೂರಿಸುತ್ತೇವೆ, ಹಸಿರುಹಾವನ್ನು ಕೋಲಿನಿಂದೆತ್ತಿ ಬೇಕಾದ ಕೊಂಬೆಗೆ ಸುತ್ತುತ್ತೇವೆ. ಹೆಣ್ಣನ್ನು ಅರಸಿ ಕೂಗುವ ಹಕ್ಕಿಗೆ ಫೋನಿನಿಂದ ಎದುರಾಳಿಯ ಕೂಗು ಹಾಕಿ ಮತ್ತೆಮತ್ತೆ ಹೊರಗೆಳೆಯುತ್ತೇವೆ. ಇಲ್ಲದ ಶತ್ರುವಿನ ಜೊತೆ ಅದು ಹೋರಾಡಿ ದಣಿಯುವುದನ್ನು ಸೆಕೆಂಡಿಗೆ ಇಪ್ಪತ್ತರಂತೆ ತೆಗೆಯುತ್ತೇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂಬ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ ಕಾಡುಹಕ್ಕಿಗಳ ಗೂಡನ್ನು, ಮೊಟ್ಟೆಯನ್ನು ಕೆದಕುವುದೂ ಸೇರಿದೆ. ಎಂದರೆ ಕಾನೂನಿನ ಕಣ್ಣಿಗೆ ಗೂಡಿನ ರೆಂಬೆ ಕಡಿದವನ ಹೆಸರು ಬೇಟೆಗಾರ. ನಾವು ಅವನಿಗೆ ಪದಕ ಕೊಡುತ್ತೇವೆ.

ಹೌದು, ಪದಕ. ನಮ್ಮ ಸಲಾನುಗಳು, ಸ್ಪರ್ಧೆಗಳು ನಡೆಯುವ ಬಗೆಯನ್ನು ಒಳಗಿದ್ದು ಕಂಡಿದ್ದೇನೆ. ಸಾವಿರಾರು ಚಿತ್ರಗಳು ತೆರೆಯ ಮೇಲೆ ಬಂದು ಹೋಗುತ್ತವೆ, ಒಂದೊಂದಕ್ಕೂ ಕೆಲವೇ ಸೆಕೆಂಡು. ಆ ಹೊತ್ತಿನಲ್ಲಿ ಚುರುಕಾಗಿ, ಕಣ್ಣು ಕುಕ್ಕುವಂತೆ ಇರುವುದು ಗೆಲ್ಲುತ್ತದೆ; ಎರಡನೆಯ ಸಲ ನೋಡಿದಾಗ ಬಾಯಿಬಿಡುವ ಚಿತ್ರಕ್ಕೆ ಎರಡನೆಯ ಸಲವೇ ಸಿಗುವುದಿಲ್ಲ. ಅಕ್ಸೆಪ್ಟೆನ್ಸುಗಳ ಎಣಿಕೆ, ಹೆಸರಿನ ಹಿಂದೆ ಇಂಗ್ಲಿಷ್ ಅಕ್ಷರಗಳ ಬಾಲ, ಆ ಬಾಲ ಬೆಳೆಸಲು ವರ್ಷಕ್ಕಿಷ್ಟು ಪ್ರವೇಶಧನ. ಹಿಂದೆ ಕ್ಯಾಮೆರಾ ಕ್ಲಬ್ಬಿನಲ್ಲಿ ಹಿರಿಯರು ಕಿರಿಯನ ಪ್ರಿಂಟನ್ನು ಕೈಗೆತ್ತಿಕೊಂಡು ಒಂದು ಮೂಲೆಯನ್ನು ಬೆರಳಿನಿಂದ ಮುಚ್ಚಿ, ಈಗ ನೋಡು ಎನ್ನುತ್ತಿದ್ದರು. ಆ ಒಂದು ಬೆರಳು ಕಲಿಸಿದ್ದನ್ನು ಯಾವ ಲೆನ್ಸೂ ಕಲಿಸಿಲ್ಲ. ಇಂದು ಅದೇ ಹಿರಿಯ ಸ್ಥಾನದಲ್ಲಿ ಕುಳಿತ ನಾವು ಯಾವ ಮೆಮೊರಿ ಕಾರ್ಡ್ ವೇಗದ್ದೆಂಬ ಚರ್ಚೆಯಲ್ಲಿ ಸಂಜೆ ಕಳೆದು ಎದ್ದು ಬರುತ್ತೇವೆ.

ತಂದೆತಾಯಿಗಳನ್ನೂ ಬಿಡುವಂತಿಲ್ಲ. ಶಾಲೆಯಲ್ಲಿ ಚಿತ್ರಕಲೆಯ ಪೀರಿಯಡ್ಡನ್ನು ಗಣಿತದ ಮೇಷ್ಟರು ಕಿತ್ತುಕೊಂಡಾಗ ನಾವು ಸಂತೋಷಪಟ್ಟೆವು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪ ಚಿತ್ರಶಾಲೆ ಇದೆ, ಊಟಿಯ ಮಂಜನ್ನೂ ಬೆಳಕನ್ನೂ ಕೆ. ವೆಂಕಟಪ್ಪ ಜಲವರ್ಣದಲ್ಲಿ ಹೇಗೆ ಕಾದು ಹಿಡಿದರೆಂಬುದನ್ನು ಮಗುವಿಗೆ ತೋರಿಸಲು ಒಂದು ಭಾನುವಾರದ ಅರ್ಧ ದಿನ ಸಾಕು. ಕರೆದುಕೊಂಡು ಹೋಗಲಿಲ್ಲ. ಅದೇ ಮಗು ಹದಿನೆಂಟು ತುಂಬಿ ಫೋಟೊಗ್ರಫಿ ಇಷ್ಟವೆಂದಾಗ ಕೇಳಿದ್ದಕ್ಕಿಂತ ದೊಡ್ಡ ಕ್ಯಾಮೆರಾ ಕೊಡಿಸಿದೆವು, ನೆಂಟರ ಮುಂದೆ ಅದರ ಬೆಲೆ ಹೇಳಿದೆವು. ಕಣ್ಣನ್ನು ಬೆಳೆಸುವ ಹದಿನೆಂಟು ವರ್ಷ ಕಳೆದುಕೊಂಡು, ಕೊನೆಗೆ ರಸೀತಿ ಕೊಟ್ಟು ಕೈತೊಳೆದುಕೊಂಡೆವು.

ನಾವು ಕಾಣದೆ ಬಿಟ್ಟದ್ದೇನು? ಬೆಂಗಳೂರಿನ ಬೆಳ್ಳಂದೂರು ಕೆರೆಯ ಕತೆಯನ್ನೇ ನೋಡಿ. 2015ರಲ್ಲಿ ಆ ಕೆರೆಯ ನೊರೆಗೆ ಬೆಂಕಿ ಹತ್ತಿತು. 2017ರಲ್ಲಿ ಮತ್ತೆ ಹತ್ತಿತು, 2018ರಲ್ಲಿ ಸೈನಿಕರು ಬಂದು ಆರಿಸಬೇಕಾಯಿತು. ನೀರಿಗೆ ಬೆಂಕಿ ಹತ್ತುವುದನ್ನು ಜಗತ್ತು ಬೆರಗಾಗಿ ನೋಡಿತು. ಆ ಕೆರೆ ಒಂದೇ ದಿನದಲ್ಲಿ ಸಾಯಲಿಲ್ಲ. ದಂಡೆಯ ಊರುಗಳವರು ಅದರ ನೀರು ಕುಡಿದು, ಮೀನು ಹಿಡಿದು, ಗದ್ದೆ ಮಾಡಿದ್ದವರು. ನೀರು ಕಪ್ಪಾದದ್ದು, ಮೀನು ತೇಲಿದ್ದು, ಗದ್ದೆಗಳು ಲೇಔಟ್ ಆದದ್ದು, ಎಲ್ಲವೂ ದಶಕಗಳ ಕಾಲ ನಡೆಯಿತು. ಆ ದಶಕಗಳುದ್ದಕ್ಕೂ ನಗರದಲ್ಲಿ ಕ್ಯಾಮೆರಾ ಹಿಡಿದವರಿಗೆ ಬರವಿರಲಿಲ್ಲ. ಭಾನುವಾರ ನಸುಕಿನಲ್ಲಿ ಎದ್ದು, ಆ ಕೆರೆಯ ವಾಸನೆಗೆ ಕಾರಿನ ಗಾಜು ಏರಿಸಿಕೊಂಡು, ನೂರಾರು ಕಿಲೋಮೀಟರ್ ದೂರದ ಕಾಡಿಗೆ ಸುಂದರ ಹಿನ್ನೆಲೆ ಹುಡುಕಿಕೊಂಡು ನಾವು ಹೋಗುತ್ತಿದ್ದೆವು. ಬೆರಳೆಣಿಕೆಯ ಪತ್ರಿಕಾ ಛಾಯಾಗ್ರಾಹಕರು, ಕೆಲವು ನಿವಾಸಿಗಳು ಕಂಡದ್ದನ್ನು ತೆಗೆದರು. ಅವರಿಗೆ ನಾಡು ಋಣಿ. ಉಳಿದವರ ಹಾರ್ಡ್ ಡಿಸ್ಕುಗಳಲ್ಲಿ ಆ ವರ್ಷಗಳ ಮಿಂಚುಳ್ಳಿಗಳಿವೆ, ಬೆಳ್ಳಂದೂರಿಲ್ಲ. ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಕತ್ತಲಲ್ಲೇ ಟೆಂಪೊದಲ್ಲಿ ನಿಂತು ಸಾಗುವುದು ಅಲ್ಲಿಲ್ಲ. ಪೌರಕಾರ್ಮಿಕರ ಬೆಳಗಿನ ನಾಲ್ಕು ಗಂಟೆ ಇಲ್ಲ. ನಮ್ಮದೇ ಊರಿನ ಕೊನೆಯ ಕುಲುಮೆ ಯಾವ ವರ್ಷ ಆರಿತೆಂಬುದಕ್ಕೆ ಒಂದು ಚೂರು ಸಾಕ್ಷಿಯಿಲ್ಲ. 1943ರ ಬಂಗಾಳದ ಬರಗಾಲವನ್ನು ಸುನಿಲ್ ಜಾನಾ ಅವರಂಥವರು ತೆಗೆಯದಿದ್ದರೆ ದೇಶದ ಬಹುಪಾಲು ಜನರಿಗೆ ಆ ಹಸಿವಿನ ಮುಖವೇ ತಿಳಿಯುತ್ತಿರಲಿಲ್ಲ. ಅವರ ಕೈಲಿದ್ದ ಯಂತ್ರ ಇಂದಿನ ಅಗ್ಗದ ಫೋನಿಗಿಂತ ಎಷ್ಟು ಹಿಂದಿನದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮದುವೆಯ ಮನೆ. ಅಲ್ಲಿಗೆ ಬರುವ ಯಂತ್ರಗಳನ್ನು ಎಣಿಸಲು ಒಂದು ಕೈ ಸಾಲದು: ನಾಲ್ಕು ಕ್ಯಾಮೆರಾ, ಗಿಂಬಲ್, ಡ್ರೋನು, ಕೆಲವು ಕಡೆ ಕ್ರೇನು ಕೂಡ. ಧಾರೆಯ ಹೊತ್ತಿಗೆ ಮಂಟಪದ ಸುತ್ತ ಬೆನ್ನುಗಳ ಗೋಡೆ. ಅಕ್ಷತೆ ಹಿಡಿದ ಹಿರಿಯರು ಆ ಬೆನ್ನುಗಳ ಮೇಲಿನಿಂದ ಕುರುಡಾಗಿ ಎಸೆಯಬೇಕು. "ಸ್ವಾಮಿಗಳೇ, ಒಂದ್ನಿಮಿಷ, ಇನ್ನೊಂದ್ಸಲ ತಾಳಿ ಹಿಡೀರಿ" ಎಂದು ಪುರೋಹಿತರನ್ನೇ ನಿಲ್ಲಿಸುತ್ತಾರೆ. ಮುಹೂರ್ತವನ್ನು ಪಂಚಾಂಗ ನೋಡಿ ನಿಮಿಷದ ಲೆಕ್ಕದಲ್ಲಿ ಇಡಿಸಿದವರು ನಾವೇ, ಅದು ಕ್ಯಾಮೆರಾಕ್ಕಾಗಿ ದಾಟಿಹೋಗುವಾಗ ತಲೆಯಾಡಿಸುವವರೂ ನಾವೇ. ಛಾಯಾಗ್ರಾಹಕನನ್ನು ಒಬ್ಬನನ್ನೇ ದೂರುವುದು ಅನ್ಯಾಯ. ಅವನಿಗೆ ಇಂತಿಂಥ ರೀಲ್ಸು, ಇಂತಿಂಥ ಡ್ರೋನ್ ಶಾಟು ಎಂದು ಪಟ್ಟಿ ಕೊಟ್ಟು, ಅವನ ಕ್ಯಾಮೆರಾದ ಮಾಡೆಲ್ ಕೇಳಿ ಮುಂಗಡ ಕೊಟ್ಟವರು ನಾವು. ಹಿಂದೆ ಊರ ಸ್ಟುಡಿಯೊದ ಮಾಲೀಕ ಮದುವೆಗೆ ಬಂದರೆ ಎರಡೇ ರೋಲು ತರುತ್ತಿದ್ದ. ಅವನಿಗೆ ಮನೆಯವರೆಲ್ಲ ಗೊತ್ತು. ಯಾವ ಅತ್ತೆ ಮಾತು ಬಿಟ್ಟಿದ್ದಾಳೆ, ಯಾವ ಮಾವ ದೂರದಿಂದ ಬಂದಿದ್ದಾನೆ ಎಂದು ತಿಳಿದು, ಎಲ್ಲರನ್ನೂ ಕೂರಿಸಿ ಗ್ರೂಪ್ ಫೋಟೊ ತೆಗೆಯುತ್ತಿದ್ದ. ನಡುವೆ ಕುರ್ಚಿ ಹಾಕಿಸಿ ಮನೆಯ ಅತಿ ಹಿರಿಯ ಜೀವವನ್ನು ಕೂರಿಸದೆ ಅವನು ಕ್ಯಾಮೆರಾಕ್ಕೆ ಕಣ್ಣು ಹಚ್ಚುತ್ತಿರಲಿಲ್ಲ.

ನನ್ನ ಹತ್ತಿರದ ನೆಂಟರ ಮನೆಯಲ್ಲಿ ಮೂರು ವರ್ಷದ ಹಿಂದೆ ಅಂಥ ಒಂದು ಮದುವೆ ಆಯಿತು. ಪೆನ್‌ಡ್ರೈವಿನಲ್ಲಿ ಬಂದ ಫೋಟೊಗಳು ಆರು ಸಾವಿರ ಚಿಲ್ಲರೆ. ಮದುಮಗನ ತಮ್ಮನ ಬಳಿಯೇ ಎರಡೂವರೆ ಲಕ್ಷದ ಕ್ಯಾಮೆರಾ ಇತ್ತು, ಅವನದ್ದು ಬೇರೆ ಒಂದು ಸಾವಿರ. ಮನೆಯ ಅಜ್ಜಿ ಮದುವೆಯ ಎರಡೂ ದಿನ ಛತ್ರದ ಎಡಗಡೆಯ ಕಂಬದ ಪಕ್ಕ, ಊಟದ ಮನೆಗೆ ಹೋಗುವ ದಾರಿಯಲ್ಲಿ, ಕೆಂಪು ಅಂಚಿನ ಹಸಿರು ಸೀರೆಯುಟ್ಟು ಕುಳಿತಿದ್ದರು. ಹೋಗಿಬರುವವರನ್ನೆಲ್ಲ ಕೈಹಿಡಿದು ಮಾತಾಡಿಸಿದರು. ಈ ವರ್ಷ ಮಾಘದಲ್ಲಿ ಅವರು ತೀರಿಕೊಂಡರು. ಮೂರನೆಯ ದಿನ ಗೋಡೆಗೆ ಹಾಕಲು ಫೋಟೊ ಬೇಕೆಂದಾಗ ಏಳು ಸಾವಿರ ಚಿತ್ರಗಳನ್ನು ರಾತ್ರಿಯಿಡೀ ಕುಳಿತು ಹುಡುಕಿದೆವು. ಒಂದರಲ್ಲಿ ಅವರ ಅರ್ಧ ಭುಜ ಇತ್ತು. ಇನ್ನೊಂದರಲ್ಲಿ ಮದುಮಗಳ ಹಿಂದೆ ಕಂಬದ ಬಳಿ ಒಂದು ಹಸಿರು ಮಸುಕು ಇತ್ತು, ಅದೇ ಅಜ್ಜಿ. ಲೆನ್ಸು ತನ್ನ ಕೆಲಸ ಚೆನ್ನಾಗಿ ಮಾಡಿತ್ತು, ಹಿನ್ನೆಲೆಯನ್ನು ಪೂರಾ ಕರಗಿಸಿತ್ತು.

ಬೆಳಗ್ಗೆ ಮೊಮ್ಮಗನೂ ನಾನೂ ಬಸ್‌ಸ್ಟ್ಯಾಂಡಿನ ಎದುರಿನ ಫೋಟೊ ಅಂಗಡಿಗೆ ಅವರ ಆಧಾರ್ ಕಾರ್ಡು ತೆಗೆದುಕೊಂಡು ಹೋದೆವು. ಅಂಗಡಿಯ ಹುಡುಗ ಅದನ್ನು ಸ್ಕ್ಯಾನ್ ಮಾಡಿ, ಉಗುರಿನಷ್ಟಿದ್ದ ಮುಖವನ್ನು ಕತ್ತರಿಸಿ ಹಿಗ್ಗಿಸಿದ. ಬಿಳಿಚಿಕೊಂಡ, ಗಾಬರಿಯ ಮುಖ. ನೇರ ಕೂರಿ ಅಜ್ಜಿ ಎಂದು ಯಾರೋ ಗದರಿದ ಕ್ಷಣದ್ದು. ಸೀರೆಯ ಬಣ್ಣ ಕಾಣುತ್ತಿರಲಿಲ್ಲ. "ಬೇರೆ ಯಾವ್ದೂ ಇಲ್ವಾ ಅಣ್ಣ? ಇದ್ರಲ್ಲಿ ಕಣ್ಣೇ ಸರಿಯಾಗಿ ಬಂದಿಲ್ಲ" ಎಂದು ಹುಡುಗ ಕೇಳಿದ. ಮೊಮ್ಮಗ ಇಲ್ಲ ಎಂದ. ಹುಡುಗ ಹಿನ್ನೆಲೆಗೆ ನೀಲಿ ಹಾಕಿ, ಹಳೆಯ ಯಾವುದೋ ಫೋಟೊದಿಂದ ಒಂದು ರೇಷ್ಮೆ ಸೀರೆಯ ಸೆರಗು ತಂದು ಅವರ ಭುಜಕ್ಕೆ ಹೊದಿಸಿದ. ಕೆನ್ನೀಲಿ ಸೀರೆ. ಅವರು ಎಂದೂ ಉಡದ ಬಣ್ಣ.